ಸೋಮವಾರ ಹೊರಟರೆ ಗುರುವಾರ ಮುರುಗಮಲ್ಲ

ಬೆಂಗಳೂರಿನವರ ಮಟ್ಟಿಗೆ ಚಿಕ್ಕಬಳ್ಳಾಪುರ ಜಿಲ್ಲೆ ಅಂದರೆ ನಂದಿಬೆಟ್ಟ. ಭಾನುವಾರ ನಸುಕಿನಲ್ಲೇ ಎದ್ದು, ಗೇಟಿನ ಮುಂದೆ ಗಾಡಿಗಳ ಸಾಲಿನಲ್ಲಿ ಕಾದು, ಮೋಡದ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಹತ್ತು ಗಂಟೆಗೆಲ್ಲ ವಾಪಸ್. ಬೆಟ್ಟದ ಆಚೆಗೆ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಎಂಬ ಊರುಗಳಿವೆ, ಅವುಗಳ ಸುತ್ತ ನಾಲ್ಕು ದಿನ ನೋಡುವಷ್ಟು ಸರಕಿದೆ ಎಂದರೆ ಅಲ್ಲಿನವರೇ ನಗುತ್ತಾರೆ: 'ನಮ್ಮೂರಾಗೆ ನೋಡೋಕೆ ಏನೈತೆ ಸ್ವಾಮಿ?'

ಇದೆ. ಆದರೆ ಈ ಸೀಮೆಯಲ್ಲಿ ಪ್ರವಾಸ ಹಾಕಿಕೊಳ್ಳುವಾಗ ನಕ್ಷೆಗಿಂತ ಮೊದಲು ಕ್ಯಾಲೆಂಡರ್ ತೆಗೆಯಬೇಕು. ಒಂದೊಂದು ಊರಿಗೂ ಒಂದೊಂದು ದಿನ, ಒಂದೊಂದು ಹೊತ್ತು. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಮಧ್ಯಾಹ್ನ ದಾಟಿ ಹೋದರೆ ಕಸ ಗುಡಿಸುವವರಷ್ಟೇ ಸಿಗುತ್ತಾರೆ. ನಂದಿಯ ಕಡೆಗೆ ಶನಿವಾರ, ಭಾನುವಾರ ಹೋದರೆ ರಸ್ತೆಯಲ್ಲೇ ಅರ್ಧ ದಿನ ಕಳೆಯುತ್ತದೆ. ಮುರುಗಮಲ್ಲದ ದರ್ಗಾ ವಾರವಿಡೀ ತೆರೆದಿದ್ದರೂ ಜನ ಸೇರುವುದು ಗುರುವಾರ ಮತ್ತು ಶುಕ್ರವಾರ. ಈ ಮೂರನ್ನೂ ಹೊಂದಿಸಿದರೆ ದಾರಿ ತಾನಾಗಿ ಸಿಗುತ್ತದೆ: ಸೋಮವಾರ ಗೌರಿಬಿದನೂರು, ಮಂಗಳವಾರ ಚಿಕ್ಕಬಳ್ಳಾಪುರ, ಬುಧವಾರ ಶಿಡ್ಲಘಟ್ಟ, ಗುರುವಾರ ಕೈವಾರ ಮತ್ತು ಮುರುಗಮಲ್ಲ.

ಕಾರು ಬೇಕೇ? ಬೇಡ. ಅಮೆರಿಕದಲ್ಲಿ ಮಕ್ಕಳಿರುವ ನಮ್ಮ ಎಷ್ಟೋ ಅಪ್ಪ ಅಮ್ಮಂದಿರು ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ನೋಡಿ ಬಂದು ಹೇಳುವ ಮಾತೊಂದಿದೆ: ಅಲ್ಲಿಯ ಸಣ್ಣ ಊರುಗಳು ಚೆಂದ, ಆದರೆ ಮಗ ಕಾರು ತೆಗೆಯದಿದ್ದರೆ ಮನೆಯ ಹೊಸ್ತಿಲು ದಾಟುವುದೂ ಕಷ್ಟ. ಇಲ್ಲಿ ಆ ತೊಂದರೆಯಿಲ್ಲ. ಸರ್ಕಾರಿ ಬಸ್ಸು ತಪ್ಪಿದರೆ ಖಾಸಗಿ ಬಸ್ಸು, ಅದೂ ತಪ್ಪಿದರೆ ಶೇರ್ ಆಟೊ.

ಹೊರಡುವ ಮುಂಚೆ

ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಡಿಸೆಂಬರ್, ಜನವರಿಯಲ್ಲಿ ಹೋದರೆ ಅವರೆಕಾಯಿ ಸುಗ್ಗಿ. ಹಿತಕಿದ ಬೇಳೆ ಸಾರು, ಮುದ್ದೆ ಸಿಗುವ ಹೋಟೆಲು ಕಂಡರೆ ಬೇರೆ ಊಟದ ಯೋಚನೆ ಮಾಡಬೇಡಿ. ಏಪ್ರಿಲ್, ಮೇ ಬಿಸಿಲಲ್ಲಿ ಈ ಬಂಡೆಗಳ ನಾಡಿನಲ್ಲಿ ಸುತ್ತುವುದು ಶಿಕ್ಷೆ.

ಹೆಗಲಿಗೆ ಹಾಕುವ ಒಂದೇ ಚೀಲ ಸಾಕು. ಚಕ್ರದ ಸೂಟ್‌ಕೇಸು ಈ ಬಸ್ ನಿಲ್ದಾಣಗಳಲ್ಲಿ ಉರುಳುವುದಿಲ್ಲ. ಒಂದು ದೊಡ್ಡ ಕರವಸ್ತ್ರ ಇರಲಿ. ಬಿಸಿಲಿಗೂ ಆಗುತ್ತದೆ, ದರ್ಗಾದಲ್ಲಿ ತಲೆಗೆ ಕಟ್ಟಿಕೊಳ್ಳಲೂ ಆಗುತ್ತದೆ. ಹೆಂಗಸರು ಆಧಾರ್ ಅಥವಾ ಕರ್ನಾಟಕದ ವಿಳಾಸವಿರುವ ಬೇರೆ ಗುರುತಿನ ಚೀಟಿ ಮರೆಯಬಾರದು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ, ಆದರೆ ಕಂಡಕ್ಟರು ಕೊಡುವ ಶೂನ್ಯ ದರದ ಟಿಕೆಟ್ ಪಡೆಯಲೇಬೇಕು. ಖಾಸಗಿ ಬಸ್ಸಿಗೆ, ಆಂಧ್ರದ ಬಸ್ಸಿಗೆ ಇದು ಅನ್ವಯಿಸದು. ಚಿಂತಾಮಣಿಯಲ್ಲಿ ಮದನಪಲ್ಲಿ ಕಡೆಯ ಆಂಧ್ರ ಬಸ್ಸುಗಳೂ ನಿಂತಿರುತ್ತವೆ. ಹತ್ತುವ ಮುಂಚೆ ಬೋರ್ಡು ನೋಡಿ, ತೆಲುಗು ಓದಲು ಬಾರದಿದ್ದರೆ ಕೇಳಿ.

ನೀರಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಜಿಲ್ಲೆಯ ಕೊಳವೆಬಾವಿಗಳು ತುಂಬ ಆಳ, ಹಲವು ಕಡೆ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಊರವರೇ ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತರುತ್ತಾರೆ. ಬಾಟಲಿ ತುಂಬಿಸಿಕೊಳ್ಳುವುದಾದರೆ ಅಲ್ಲಿಯೇ. ಬೀದಿಯ ನಲ್ಲಿ ನೀರು ಬೇಡ.

ಭಾಷೆಯ ಚಿಂತೆ ಬೇಡ. ಇಲ್ಲಿ ಅರ್ಧ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ, ಮಧ್ಯೆ ಯಾರೋ ಉರ್ದುವಿನಲ್ಲಿ ಸೇರಿಕೊಳ್ಳುತ್ತಾರೆ. ಕನ್ನಡದಲ್ಲಿ 'ಅಣ್ಣ', 'ಅಕ್ಕ' ಎಂದು ಕೇಳಿದರೆ ದಾರಿ ಸಿಗುತ್ತದೆ.

ಸೋಮವಾರ: ಗೌರಿಬಿದನೂರು

ಬೆಂಗಳೂರಿನಿಂದ ರೈಲಿನಲ್ಲಿ ಹೋಗಿ. ಯಲಹಂಕ, ದೊಡ್ಡಬಳ್ಳಾಪುರ ದಾಟಿ ಹಿಂದೂಪುರದ ಕಡೆಗೆ ಹೋಗುವ ದಾರಿಯಲ್ಲಿ ಗೌರಿಬಿದನೂರು ಸಿಗುತ್ತದೆ. ಬೆಳಗಿನ ಗಾಡಿಯಾದರೆ ತಿಂಡಿ ಹೊತ್ತಿಗೆ ಊರಲ್ಲಿರುತ್ತೀರಿ.

ಊರಿನಿಂದ ಆರೇಳು ಕಿ.ಮೀ. ದೂರದಲ್ಲಿ, ಉತ್ತರ ಪಿನಾಕಿನಿಯ ದಂಡೆಯಲ್ಲಿ ವಿದುರಾಶ್ವತ್ಥ. ಬಸ್ಸು, ಆಟೊ ಎರಡೂ ಇವೆ. ವಿದುರ ನೆಟ್ಟ ಅಶ್ವತ್ಥವೆಂಬ ಕಥೆ, ಸಂತಾನಕ್ಕೆ ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ನಾಗರಕಲ್ಲುಗಳ ರಾಶಿ, ಇಷ್ಟು ನೋಡಿ ಹೊರಡುವವರೇ ಹೆಚ್ಚು. ನೀವು ಹೊರಡಬೇಡಿ. 1938ರ ಏಪ್ರಿಲ್ 25ರಂದು ಇಲ್ಲಿ, ಮೈಸೂರು ಸಂಸ್ಥಾನದ ನಿಷೇಧ ಮೀರಿ ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮದ್ದೂರಿನ ಬಳಿಯ ಶಿವಪುರದ ಧ್ವಜ ಸತ್ಯಾಗ್ರಹ ನಡೆದ ಅದೇ ತಿಂಗಳು. ಸತ್ತವರ ಲೆಕ್ಕ ಅಂದಿನ ಸರ್ಕಾರದ್ದೊಂದು, ಜನರದ್ದೊಂದು. ಈ ಹತ್ಯೆಯ ಬಿಸಿಯೇ ಪಟೇಲ್–ಮಿರ್ಜಾ ಒಪ್ಪಂದಕ್ಕೆ ದಾರಿ ಮಾಡಿತು; ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟ ಹಾರಿಸಲು ಒಪ್ಪಿಗೆ ಸಿಕ್ಕಿತು. ಸ್ಮಾರಕ ಮತ್ತು ವೀರಸೌಧದ ಚಿತ್ರಗಳಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಶಾಲಾ ಮಕ್ಕಳಿದ್ದರೆ ಮೊದಲು ವೀರಸೌಧ, ಆಮೇಲೆ ದೇವಸ್ಥಾನ.

ಇದೇ ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ. ಓದುವುದಕ್ಕೆಂದು ಊರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದ ಹುಡುಗ, ಮುಂದೆ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಗೌರಿಬಿದನೂರಿನ ನ್ಯಾಷನಲ್ ಕಾಲೇಜು ಅವರ ಪ್ರಯತ್ನದ ಫಲ. ಕಾಲೇಜಿನ ಮುಂದೆ ಹಾದು ಹೋಗುವಾಗ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪ್ರವಾಸ ಕಥನ ನನಗೆ ಗೊತ್ತಿಲ್ಲ.

ಇಲ್ಲಿಯ ರೇಡಿಯೊ ದೂರದರ್ಶಕದ ಬಗ್ಗೆ ಕೇಳಿದ್ದರೆ ಒಂದು ಎಚ್ಚರಿಕೆ. ಅದು ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದ ಕೆಲಸದ ಜಾಗ, ಪ್ರವಾಸಿ ತಾಣವಲ್ಲ. ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆದಿದ್ದರೆ ಮಾತ್ರ ಹೋಗಿ. ಬಾಹ್ಯಾಕಾಶದಿಂದ ಬರುವ ಬಲು ಕ್ಷೀಣ ಸಂಕೇತಗಳನ್ನು ಹಿಡಿಯುವ ಕಡೆ ನಿಮ್ಮ ಮೊಬೈಲೇ ಒಂದು ಗದ್ದಲ.

ಸಂಜೆ ಮಂಚೇನಹಳ್ಳಿ ಮೇಲೆ ಚಿಕ್ಕಬಳ್ಳಾಪುರದ ಬಸ್ಸು ಹಿಡಿದು ಅಲ್ಲೇ ತಂಗಿ.

ಮಂಗಳವಾರ: ಬೆಟ್ಟದ ಮೇಲಲ್ಲ, ಕೆಳಗೆ

ನಂದಿಬೆಟ್ಟ 1,478 ಮೀಟರ್ ಎತ್ತರ. ಹತ್ತಲೇಬೇಕೆಂಬ ಹಟವಿದ್ದರೆ ವಾರದ ನಡುವಿನ ಈ ದಿನವೇ ಸರಿ. ನನ್ನನ್ನು ಕೇಳಿದರೆ ಬೆಟ್ಟದ ಬುಡದ ನಂದಿ ಗ್ರಾಮಕ್ಕೆ ಹೋಗಿ, ಭೋಗನಂದೀಶ್ವರನ ಗುಡಿಯಲ್ಲಿ ಬೆಳಗು ಕಳೆಯಿರಿ. ಒಂಬತ್ತನೇ ಶತಮಾನದಷ್ಟು ಹಿಂದಕ್ಕೆ, ನೊಳಂಬರು, ಬಾಣರ ಕಾಲಕ್ಕೆ ಹೋಗುವ ಗುಡಿ; ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಸೇರಿಸುತ್ತ ಬಂದರು. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಎನ್ನುತ್ತಾರೆ. ಕೆಳಗಿನ ಎರಡು ಗುಡಿಗಳ ನಡುವಿನ ಉಮಾಮಹೇಶ್ವರನ ಮುಂದಿನ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳಿಗೆ ಬೆಳಗಿನ ಓರೆ ಬಿಸಿಲು ಬೀಳುವಾಗ ನೋಡಬೇಕು. ಹಕ್ಕಿ, ಬಳ್ಳಿಗಳ ಕೆತ್ತನೆ ಎದ್ದು ಕಾಣುತ್ತದೆ. ಹಿಂದಿನ ಪ್ರಾಕಾರದ ಕಲ್ಯಾಣಿಯನ್ನು ನೋಡದೆ ಬರಬೇಡಿ. ಮೆಟ್ಟಿಲ ಮೇಲೆ ಪಾಚಿ ಇರುತ್ತದೆ, ಮಕ್ಕಳ ಕೈ ಹಿಡಿದಿರಿ.

ಅಲ್ಲಿಂದ ಮುದ್ದೇನಹಳ್ಳಿ ಹತ್ತಿರ. ವಿಶ್ವೇಶ್ವರಯ್ಯ ಹುಟ್ಟಿದ ಮನೆ, ವಸ್ತು ಸಂಗ್ರಹಾಲಯ, 1962ರಲ್ಲಿ ತೀರಿಕೊಂಡ ಅವರ ಸಮಾಧಿ. ಒಂದು ಗಂಟೆ ಸಾಕು. ಹಿಂದಿರುಗುವಾಗ ರಸ್ತೆ ಬದಿಯಲ್ಲಿ ದ್ರಾಕ್ಷಿ ಕಂಡರೆ ತಿಂದು ನೋಡಿ ಕೊಳ್ಳಿ. ಕಪ್ಪು ಬೆಂಗಳೂರು ಬ್ಲೂ ಈ ಸೀಮೆಯಲ್ಲಿ ಬೆಳೆಯುವ ತಳಿ, ಹುಳಿ ಸಿಹಿ ಎರಡೂ ಇರುತ್ತದೆ.

ರಾತ್ರಿ ಚಿಕ್ಕಬಳ್ಳಾಪುರದಲ್ಲೇ ಇದ್ದು ಬೇಗ ಮಲಗಿ.

ಬುಧವಾರ: ಗೂಡಿನ ಮಾರುಕಟ್ಟೆ

ಬೆಳಗಿನ ಮೊದಲ ಬಸ್ಸುಗಳಲ್ಲಿ ಒಂದನ್ನು ಹಿಡಿದು ಶಿಡ್ಲಘಟ್ಟ ಸೇರಿ. ಇದೇ ದಾರಿಯಲ್ಲಿ ಹಳೆಯ ನ್ಯಾರೋಗೇಜ್ ರೈಲು ಓಡುತ್ತಿತ್ತು. 2013ರಲ್ಲಿ ಕೋಲಾರದವರೆಗೂ ಬ್ರಾಡ್‌ಗೇಜ್ ಆಯಿತು. ಈಗಲೂ ರೈಲುಂಟು, ಆದರೆ ಗಾಡಿಗಳು ಕಡಿಮೆ. ಮಾರುಕಟ್ಟೆಯ ಹೊತ್ತಿಗೆ ಬಸ್ಸೇ ಭದ್ರ.

ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಗೆ ರೈತರು ನಸುಕಿನಿಂದಲೇ ಚೀಲ ಇಳಿಸುತ್ತಾರೆ. ಗೂಡನ್ನು ಜಾಲರಿಗೆ ಸುರಿದು ಹರಡುತ್ತಾರೆ. ಒಂದೊಂದು ರೈತನದೂ ಒಂದೊಂದು ಲಾಟು. ಬಿಳಿಯದು ದ್ವಿತಳಿ, ಹಳದಿಯದು ಮಿಶ್ರತಳಿ. ರೀಲರುಗಳು ಜಾಲರಿಗೆ ಕೈ ಹಾಕಿ, ಗೂಡನ್ನು ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾರೆ. ಹಿಂದೆ ಕೂಗಿ ಹರಾಜು ಹಾಕುತ್ತಿದ್ದರು, ಈಗ ಇ-ಹರಾಜು. ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ. ಗಲಾಟೆ ಕಡಿಮೆಯಾಗಿದೆ, ಆತಂಕ ಕಡಿಮೆಯಾಗಿಲ್ಲ. ಒಂದು ತಿಂಗಳ ದುಡಿಮೆ ಕಿಲೋಗೆ ಎಷ್ಟು ಎಂಬುದು ಕೆಲವೇ ನಿಮಿಷದಲ್ಲಿ ಗೊತ್ತಾಗುವ ಜಾಗ ಇದು.

ಹಾಗಾಗಿ ಇಲ್ಲಿ ನಡೆದುಕೊಳ್ಳುವ ರೀತಿ ಮುಖ್ಯ. ಮೊದಲು ಕಚೇರಿಗೆ ಹೋಗಿ, ನೋಡಲು ಬಂದಿದ್ದೇವೆಂದು ಹೇಳಿ. ಜಾಲರಿಗಳ ನಡುವಿನ ಓಣಿಯಲ್ಲಿ ಅಡ್ಡ ನಿಲ್ಲಬೇಡಿ. ಕೇಳದೆ ಗೂಡು ಮುಟ್ಟಬೇಡಿ. ರೈತರ ಫೋಟೊ ತೆಗೆಯುವುದಾದರೆ ಹರಾಜು ಮುಗಿದ ಮೇಲೆ ಕೇಳಿ. ಬೆಲೆ ಬಿದ್ದ ದಿನ ಕೇಳಲೇಬೇಡಿ.

ಆಮೇಲೆ ನೂಲು ಬಿಚ್ಚುವ ಘಟಕವೊಂದನ್ನು ನೋಡಿ. ಊರಿನ ಓಣಿಗಳಲ್ಲಿ ವಾಸನೆಯೇ ದಾರಿ ತೋರುತ್ತದೆ. ಬೆಂದ ಹುಳದ ಘಾಟು ಮೊದಲ ಹತ್ತು ನಿಮಿಷ ಕಷ್ಟ, ಮೂಗು ಬೇಗ ಸೋಲುತ್ತದೆ. ಕುದಿನೀರಿನಲ್ಲಿ ಮೆತ್ತಗಾದ ಗೂಡುಗಳಿಂದ ಎಳೆ ಹಿಡಿದು, ಹಲವು ಎಳೆ ಸೇರಿಸಿ ರಾಟೆಗೆ ಹತ್ತಿಸುವ ಕೈಗಳನ್ನು ನೋಡಿ. ಒಳ್ಳೆಯ ದ್ವಿತಳಿ ಗೂಡೊಂದರಲ್ಲಿ ಸಾವಿರ ಮೀಟರಿನ ಆಸುಪಾಸು ಎಳೆ ಇರುತ್ತದೆ.

ಹಳ್ಳಿಯಲ್ಲಿ ಯಾರಾದರೂ ಹುಳದ ಮನೆ ತೋರಿಸಲು ಒಪ್ಪಿದರೆ ಅದೃಷ್ಟ, ಒಪ್ಪದಿದ್ದರೆ ಬೇಸರಿಸಬೇಡಿ. ಹೊರಗಿನವರ ಕಾಲಲ್ಲಿ ರೋಗ ಬರುತ್ತದೆಂಬ ಭಯ ಸುಳ್ಳಲ್ಲ, ಅದಕ್ಕೇ ಹೊಸ್ತಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ. ಆ ದಿನ ಸೆಂಟು ಹಾಕಿಕೊಂಡಿರಬಾರದು, ಸಿಗರೇಟು ಸೇದಿರಬಾರದು. ಹುಳು 'ಜ್ವರ'ದಲ್ಲಿದ್ದರೆ, ಅಂದರೆ ಸೊಪ್ಪು ತಿನ್ನುವುದು ನಿಲ್ಲಿಸಿ ಪೊರೆ ಬಿಡುತ್ತಿದ್ದರೆ, ಯಾರನ್ನೂ ಒಳಗೆ ಬಿಡುವುದಿಲ್ಲ.

ಮಧ್ಯಾಹ್ನ ಚಿಂತಾಮಣಿಗೆ ಬನ್ನಿ. ಹೊತ್ತಿದ್ದರೆ ಅಂಬಾಜಿದುರ್ಗದ ಬಳಿಯ ಕೈಲಾಸಗಿರಿಯಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳನ್ನು ನೋಡಬಹುದು. ಪುರಾತನವೆಂದುಕೊಂಡು ಹೋಗಬೇಡಿ, ಇತ್ತೀಚಿನದು. ಮುಂದಿನ ಎರಡು ರಾತ್ರಿಯೂ ಚಿಂತಾಮಣಿಯ ಲಾಡ್ಜಿನಲ್ಲೇ.

ಗುರುವಾರ: ಕೈವಾರ, ಮುರುಗಮಲ್ಲ

ಬೆಳಗ್ಗೆ ಕೈವಾರ. ಬಳೆ ಮಾರುತ್ತಿದ್ದ ನಾರೇಯಣ ಯೋಗಿ, ಜನರ ಬಾಯಲ್ಲಿ ಕೈವಾರ ತಾತಯ್ಯ, 1726ರಿಂದ 1836ರವರೆಗೆ ಬದುಕಿದರೆಂದು ಭಕ್ತರ ಲೆಕ್ಕ. ಅವರ ಪದಗಳು ಹೆಚ್ಚಾಗಿ ತೆಲುಗಿನವು, ಕಾಲಜ್ಞಾನವಂತೂ ಈ ಸೀಮೆಯ ಹಳ್ಳಿಹಳ್ಳಿಯಲ್ಲಿ ಬಾಯಿಪಾಠ. ಅಮರನಾರೇಯಣ ಗುಡಿ, ಬಕಾಸುರನ ಕಥೆಗೆ ಅಂಟಿಕೊಂಡ ಭೀಮಲಿಂಗೇಶ್ವರ, ಮಠ ಇವಿಷ್ಟನ್ನು ನಡೆದೇ ನೋಡಬಹುದು. ಗುರುಪೂರ್ಣಿಮೆಯ ಹೊತ್ತಿಗೆ ಬಂದರೆ ಹಗಲು ರಾತ್ರಿ ಸಂಗೀತ.

ಮಧ್ಯಾಹ್ನ ಚಿಂತಾಮಣಿಗೆ ವಾಪಸಾಗಿ, ಬಿಸಿಲು ಇಳಿದ ಮೇಲೆ ಮುರುಗಮಲ್ಲದ ಬಸ್ಸು ಹತ್ತಿ. ಇಳಿಯುವಾಗಲೇ ಕಂಡಕ್ಟರನ್ನು ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿಕೊಳ್ಳಿ.

ಊರಲ್ಲಿ ಮುಕ್ತೀಶ್ವರನ ಗುಡಿಯೂ ಇದೆ, ಅಮ್ಮಾಜಾನ್–ಬಾವಾಜಾನ್ ದರ್ಗಾವೂ ಇದೆ. ಗುಡಿಗೆ ಬೆಳಕಿರುವಾಗಲೇ ಹೋಗಿ ಬನ್ನಿ. ದರ್ಗಾಕ್ಕೆ ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು, ತಲೆ ಮುಚ್ಚಿಕೊಂಡು ಹೋಗಬೇಕು, ಗಂಡಸರೂ ಅಷ್ಟೇ. ಬಾಗಿಲ ಅಂಗಡಿಗಳಲ್ಲಿ ಹೂವು, ಚಾದರ, ಲೋಬಾನ, ಸಕ್ಕರೆ ಸಿಗುತ್ತದೆ. ಎಲ್ಲವನ್ನೂ ಕೊಳ್ಳಬೇಕೆಂದೇನಿಲ್ಲ, ಹೂವು ಸಕ್ಕರೆ ಸಾಕು. ಸಕ್ಕರೆ ಓದಿಸಿಕೊಂಡು ಅಲ್ಲಿದ್ದವರಿಗೂ ಒಂದು ಚಿಟಿಕೆ ಹಂಚುವುದು ರೂಢಿ. ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳು ಎಷ್ಟು, ಮುಸ್ಲಿಮರು ಎಷ್ಟು ಎಂದು ಎಣಿಸಲು ಹೋದರೆ ಸೋಲುತ್ತೀರಿ. ಕಾಣಿಕೆ ಹುಂಡಿಗೆ ಹಾಕಿ, ಕೈಗೆ ಕೊಡುವ ಒತ್ತಾಯ ಬಂದರೆ ನಯವಾಗಿ ಮುಂದೆ ಸಾಗಿ.

ಇಲ್ಲಿಗೆ ಮನಸ್ಸಿನ ಕಾಯಿಲೆಯವರನ್ನು ಕರೆತರುವ ಮನೆಯವರು ಬಹಳ. ಕೆಲವರು ದಿನಗಟ್ಟಲೆ ಉಳಿಯುತ್ತಾರೆ. ಕೂಗಾಟ, ಮೈದುಂಬುವುದು ಕಂಡರೆ ಮೊಬೈಲ್ ಜೇಬಿನಲ್ಲೇ ಇರಲಿ; ವಿಡಿಯೊ ಮಾಡುವುದು ಹೀನ ಕೆಲಸ. ನಿಮ್ಮ ಮನೆಯವರನ್ನೇ ಕರೆತಂದಿದ್ದರೆ ಮಾತ್ರೆ ನಿಲ್ಲಿಸಬೇಡಿ, ದುವಾ ಮತ್ತು ದವಾ ಎರಡೂ ಒಟ್ಟಿಗೆ ಸಾಗಲಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುತ್ತಾರೆ. ಯಾರನ್ನಾದರೂ ಸರಪಳಿಯಲ್ಲಿ ಕಟ್ಟಿಹಾಕುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅಪರಾಧ. 2001ರಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸತ್ತರು.

ಗುರುವಾರ ರಾತ್ರಿ ದರ್ಗಾದ ಸುತ್ತ ಬಿರಿಯಾನಿ, ಟೀ, ಬಳೆ ಅಂಗಡಿಗಳ ವ್ಯಾಪಾರ ಜೋರು. ಉರುಸಿನ ದಿನಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಿಕ್ಕ ಮಕ್ಕಳು, ಮಂಡಿ ನೋವಿನವರು ಜೊತೆಗಿದ್ದರೆ ಆ ವಾರ ತಪ್ಪಿಸಿ.

ಶುಕ್ರವಾರ ಬೆಳಗ್ಗೆ ಚಿಂತಾಮಣಿಯಿಂದ ಹೊಸಕೋಟೆ ಮೇಲೆ ಬೆಂಗಳೂರಿಗೆ ಬಸ್ಸುಗಳು ಧಾರಾಳ. ರೈಲೇ ಬೇಕೆಂದರೆ ಹಿಂದಿನ ರಾತ್ರಿಯೇ ವೇಳೆ ನೋಡಿಕೊಳ್ಳಿ. ಹೊಸಕೋಟೆ ದಾಟಿದ ಮೇಲೆ ಕೆ.ಆರ್. ಪುರದ ವಾಹನ ದಟ್ಟಣೆ ಇದ್ದೇ ಇರುತ್ತದೆ, ಮಧ್ಯಾಹ್ನದ ಮೇಲೆ ಆಫೀಸಿಗೆ ಹೋಗುತ್ತೇನೆಂದು ಯಾರಿಗೂ ಮಾತು ಕೊಡಬೇಡಿ.