ಹಳೇ ಎಲೆಕ್-ಟ್ರ್ಯಾಕ್ ತಂದವರಿಗೆ ಕಿವಿಮಾತು

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1970ರ ಆಸುಪಾಸಿನಲ್ಲಿ ಮಾಡಿದ ಎಲೆಕ್-ಟ್ರ್ಯಾಕ್ ಎಂಬ ಬ್ಯಾಟರಿ ಟ್ರ್ಯಾಕ್ಟರುಗಳು ಅಲ್ಲಿನ ಹಿತ್ತಿಲುಗಳಲ್ಲಿ ಇನ್ನೂ ಓಡುತ್ತಿವೆ. ಅಲ್ಲೇ ನೆಲೆಸಿದ ನಮ್ಮ ಮಕ್ಕಳು ಯಾರಾದರೂ ಒಂದನ್ನು ಮನೆಗೆ ತಂದಿದ್ದರೆ, ಸ್ಪ್ಯಾನರ್ ಹಿಡಿಯುವ ಮುಂಚೆ ಇಷ್ಟು ಕೇಳಿಸಿಕೊಳ್ಳಿ.

• ಮೊದಲು ಮಾಡೆಲ್ ನಂಬರ್ ಬರೆದಿಟ್ಟುಕೊಳ್ಳಿ. ಇ12, ಇ15, ಇ20 ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಒಳಗಿನ ಕಂಟ್ರೋಲ್ ಒಂದೇ ಅಲ್ಲ. ಒಂದರ ವೈರಿಂಗ್ ನಕ್ಷೆ ಇಟ್ಟುಕೊಂಡು ಇನ್ನೊಂದನ್ನು ಬಿಚ್ಚಬೇಡಿ.

• ಬಿಚ್ಚುವ ಪ್ರತಿ ವೈರಿನ ಫೋಟೋ ತೆಗೆದು ಚೀಟಿ ಅಂಟಿಸಿ. ನಾಳೆ ನೆನಪಿರುತ್ತದೆ ಅಂದುಕೊಳ್ಳುತ್ತೀರಿ, ಇರುವುದಿಲ್ಲ.

• ವೇಗ ಸರಿಬಾರದಿದ್ದರೆ ಕೂಡಲೇ ಮೋಟಾರು ಬದಲಿಸಲು ಹೊರಡಬೇಡಿ. ಈ ಗಾಡಿ ಹೊರಡುವಾಗ ಕರೆಂಟು ರೆಸಿಸ್ಟರ್ ಮೂಲಕ ಹೋಗುತ್ತದೆ, ಆಮೇಲೆ ಕಾಂಟ್ಯಾಕ್ಟರ್ ಅದನ್ನು ತಪ್ಪಿಸಿ ನೇರ ಕೊಡುತ್ತದೆ. ಅಲ್ಲಿಂದ ಮುಂದೆ ಮೋಟಾರಿನ ಫೀಲ್ಡ್ ಕರೆಂಟು ಕಡಿಮೆ ಮಾಡುತ್ತ ವೇಗ ಹೆಚ್ಚಿಸುತ್ತಾರೆ. ಹೀಗಾಗಿ ಮೊದಲು ಕಾಂಟ್ಯಾಕ್ಟರಿನ ಮುಖ, ಸಡಿಲವಾದ ತುದಿಗಳನ್ನು ನೋಡಿ. ಎಷ್ಟೋ ಸಲ ಅಲ್ಲೇ ಕೆಲಸ ಮುಗಿಯುತ್ತದೆ, ದುಡ್ಡೂ ಉಳಿಯುತ್ತದೆ.

• ಗಾಲಿ ಎತ್ತಿ ಓಡಿಸಿ ನೋಡುವ ಮುಂಚೆ ಫೀಲ್ಡ್ ವೈರು ಬಿಗಿಯಾಗಿದೆಯೇ ನೋಡಿ. ಭಾರವಿಲ್ಲದಾಗ ಫೀಲ್ಡ್ ತಪ್ಪಿದರೆ ಮೋಟಾರು ಕೈಮೀರಿ ತಿರುಗುತ್ತದೆ.

• ಹೊಸ ಎಲೆಕ್ಟ್ರಾನಿಕ್ ಕಂಟ್ರೋಲರ್ ಹಾಕುವ ಆಸೆಯಿದ್ದರೆ ಹಾಕಿ, ಒಳ್ಳೆಯದೇ. ರೆಸಿಸ್ಟರಿನಲ್ಲಿ ಬಿಸಿಯಾಗಿ ಹೋಗುವ ಕರೆಂಟು ಉಳಿಯುತ್ತದೆ. ಆದರೆ ಅಗ್ಗವೆಂದು ಸೀರೀಸ್ ಮೋಟಾರಿನ ಗೋಲ್ಫ್ ಕಾರ್ಟ್ ಕಂಟ್ರೋಲರ್ ತರಬೇಡಿ. ಈ ಗಾಡಿಯ ಮೋಟಾರಿಗೆ ಫೀಲ್ಡನ್ನೂ ಆರ್ಮೇಚರನ್ನೂ ಬೇರೆ ಬೇರೆಯಾಗಿ ನಡೆಸುವಂಥದು ಬೇಕು.

• ಹುಲ್ಲು ಕತ್ತರಿಸುವ ಮೋಟಾರುಗಳದು ಬೇರೆ ಜಾತಿ. ಅವುಗಳಲ್ಲಿ ಫೀಲ್ಡ್ ಸುತ್ತಿನ ಬದಲು ಆಯಸ್ಕಾಂತವಿದೆ. ಬಿಚ್ಚುವಾಗ ಸುತ್ತಿಗೆಯಿಂದ ಬಡಿಯಬೇಡಿ, ಆಯಸ್ಕಾಂತ ಬಿರುಕು ಬಿಡುತ್ತದೆ.

• ಕಾರ್ಬನ್ ಬ್ರಷ್ ಸವೆದಿದೆಯೇ ಆಗಾಗ ನೋಡಿ. ಬ್ರಷ್ಷಿನ ಖರ್ಚು ಚಿಕ್ಕದು, ಕಮ್ಯುಟೇಟರ್ ಕೆಟ್ಟರೆ ದೊಡ್ಡದು.

• ತೆಗೆದ ಹಳೇ ಭಾಗಗಳನ್ನು ಗುಜರಿಗೆ ಹಾಕಬೇಡಿ. ಈ ಗಾಡಿ ಈಗ ಯಾರೂ ಮಾಡುವುದಿಲ್ಲ, ಇನ್ನೊಬ್ಬರಿಗೆ ಬೇಕಾಗುತ್ತದೆ.

• ಬ್ಯಾಟರಿ ಮುಟ್ಟುವ ಮುಂಚೆ ಉಂಗುರ, ಬಳೆ ತೆಗೆದಿಡಿ. ದೊಡ್ಡ ಮಾದರಿಗಳಲ್ಲಿ 6 ವೋಲ್ಟಿನ ಆರು ಬ್ಯಾಟರಿ ಸೇರಿ 36 ವೋಲ್ಟ್; ಷಾಕ್ ದೊಡ್ಡದಲ್ಲದಿದ್ದರೂ ಎರಡು ತುದಿಗೆ ತಗುಲಿದ ಲೋಹ ಕೆಂಪಗೆ ಕಾಯುತ್ತದೆ. ಡಿಸ್ಟಿಲ್ಡ್ ನೀರನ್ನೇ ಹಾಕಿ. ಹಿಮ ಬೀಳುವ ಮುಂಚೆ ಪೂರ್ತಿ ಚಾರ್ಜ್ ಮಾಡಿಡಿ. ಖಾಲಿ ಬ್ಯಾಟರಿ ಒಳಗೇ ಹೆಪ್ಪುಗಟ್ಟಿ ಒಡೆಯುತ್ತದೆ.