ಎಣಿಕೆಯೂ ತೂಕವೂ

ಛಂದಸ್ಸಿನ ಪಾಠದಲ್ಲಿ ಮೊದಲು ಕಲಿಸುವುದು ಲಘು-ಗುರುಗಳ ಭೇದವನ್ನು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅಕ್ಷರಗಳನ್ನಷ್ಟೇ ಎಣಿಸಿದ ವಿದ್ಯಾರ್ಥಿ ಮಾತ್ರಾಗಣದಲ್ಲಿ ತಪ್ಪುತ್ತಾನೆ. ರೋಗದ ವ್ಯಾಪ್ತಿಯನ್ನು ಲೆಕ್ಕ ಹಾಕುವಲ್ಲಿಯೂ ಇಂಥದೇ ನಿಯಮವೊಂದುಂಟು. ಅದನ್ನು ನಮ್ಮ ಜಿಲ್ಲೆಯ ಆನೆಕಾಲು ರೋಗದ ನಿದರ್ಶನದಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಯಾದಗಿರಿ, ಶಹಾಪುರ, ಸುರಪುರ ಸೀಮೆಗೆ ಈ ವ್ಯಾಧಿ ಹೊಸತಲ್ಲ. ಕ್ಯೂಲೆಕ್ಸ್ ಸೊಳ್ಳೆಯಿಂದ ಹರಡುವ ಇದರ ಮರಿಹುಳುಗಳು ರಕ್ತದಲ್ಲಿ ಹೆಚ್ಚಾಗಿ ಸಂಚರಿಸುವುದು ರಾತ್ರಿಯಲ್ಲಿ. ಆದುದರಿಂದ ಅವುಗಳಿಗಾಗಿ ರಕ್ತಪರೀಕ್ಷೆಯೂ ರಾತ್ರಿಯೇ ನಡೆಯುತ್ತದೆ. ಕಾಲು ಬಾತಿರದವನ ರಕ್ತದಲ್ಲಿಯೂ ಅವು ಇರಬಹುದು. ಐವರ್ಮೆಕ್ಟಿನ್, ಡಿ.ಇ.ಸಿ., ಆಲ್ಬೆಂಡಜೋಲ್ ಎಂಬ ಮೂರು ಔಷಧಿಗಳ ಸಾಮೂಹಿಕ ಸೇವನೆಗೆ ದೇಶದಲ್ಲಿ ಮೊದಲು ಆಯ್ದ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಮರಿಹುಳುವುಳ್ಳವರ ಪ್ರಮಾಣವು ಶೇಕಡಾ 1ಕ್ಕಿಂತ ಕೆಳಗಿಳಿಯುವುದು ಔಷಧಿ ವಿತರಣೆಯನ್ನು ನಿಲ್ಲಿಸುವ ವಿಚಾರದಲ್ಲಿ ಮುಖ್ಯ ಮಾನದಂಡ. ಲೆಕ್ಕ ತಪ್ಪಿದರೆ ಔಷಧಿ ಅಕಾಲದಲ್ಲಿ ನಿಂತೀತು.

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 11,74,271. ಅದರಲ್ಲಿ ಪಟ್ಟಣವಾಸಿಗಳು ಐದನೆಯ ಒಂದು ಭಾಗಕ್ಕೂ ಕಡಿಮೆ. ಎಲ್ಲರನ್ನೂ ಪರೀಕ್ಷಿಸಲಾಗದು, ಕೆಲವರನ್ನು ಆಯ್ದು ಉಳಿದವರ ಸ್ಥಿತಿಯನ್ನು ಊಹಿಸಬೇಕು. ಲೆಕ್ಕದ ಸೌಕರ್ಯಕ್ಕಾಗಿ ಒಂದು ಕಲ್ಪಿತ ಸೀಮೆಯನ್ನು ತೆಗೆದುಕೊಳ್ಳೋಣ. ಪಟ್ಟಣದಲ್ಲಿ 40,000 ಜನ, ಹಳ್ಳಿಗಳಲ್ಲಿ 1,60,000 ಜನ. ಪಟ್ಟಣದಲ್ಲಿ 800 ಜನರನ್ನು ಪರೀಕ್ಷಿಸಿದಾಗ 4 ಮಂದಿಯಲ್ಲಿ, ಹಳ್ಳಿಗಳಲ್ಲಿ 200 ಜನರನ್ನು ಪರೀಕ್ಷಿಸಿದಾಗ 4 ಮಂದಿಯಲ್ಲಿ ಮರಿಹುಳು ಕಂಡಿತೆನ್ನೋಣ. ಒಟ್ಟು 1,000ಕ್ಕೆ 8, ಅಂದರೆ ಶೇಕಡಾ 0.8. ರೋಗ ತಗ್ಗಿತೆಂದು ಸಂತೋಷಪಡಬಹುದು.

ಆದರೆ ಪಟ್ಟಣದಲ್ಲಿ ಪರೀಕ್ಷೆಗೊಳಗಾದ ಒಬ್ಬನು 50 ಜನರ ಪ್ರತಿನಿಧಿ. ಹಳ್ಳಿಯವನು 800 ಜನರ ಪ್ರತಿನಿಧಿ. ಇದೇ ಅವರವರ ತೂಕ. ತೂಕದಿಂದ ಗುಣಿಸಿದರೆ ಪಟ್ಟಣದ ನಾಲ್ವರು 200, ಹಳ್ಳಿಯ ನಾಲ್ವರು 3,200 ಆಗುತ್ತಾರೆ. ಒಟ್ಟು 2,00,000 ಜನರಲ್ಲಿ 3,400, ಅಂದರೆ ಶೇಕಡಾ 1.7. ಅದೇ ಎಂಟು ಮಂದಿ. ನಿರ್ಣಯ ಮಾತ್ರ ತಿರುಗುಮುರುಗು.

ತೂಕಕ್ಕೂ ಒಂದು ಮಿತಿಯುಂಟು. ಹಳ್ಳಿಯಲ್ಲಿ ಒಬ್ಬನು ಹೆಚ್ಚುಕಡಿಮೆಯಾದರೆ ಲೆಕ್ಕದಲ್ಲಿ 800 ಜನರ ಅಂತರ ಬೀಳುತ್ತದೆ. ಆದುದರಿಂದ ಹಳ್ಳಿಗಳಲ್ಲಿ ಪರೀಕ್ಷೆ ಹೆಚ್ಚಬೇಕು. ದುಡಿಮೆಗಾಗಿ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋದವರು ಪರೀಕ್ಷೆಯ ರಾತ್ರಿ ಮನೆಯಲ್ಲಿರುವುದಿಲ್ಲ. ಅಂಥವರಲ್ಲಿ ಕೆಲವರಾದರೂ ಸಿಕ್ಕಿದ್ದರೆ ಅವರ ತೂಕವನ್ನು ಹೆಚ್ಚಿಸಿ ಕೊರತೆಯನ್ನು ಸ್ವಲ್ಪ ತುಂಬಬಹುದು. ಒಬ್ಬರೂ ಸಿಗದಿದ್ದರೆ ತೂಕವೇನು ಮಾಡೀತು? ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ.

ಈ ಶಾಲೆಯಲ್ಲಿ ಓದಿದವರು ಇಂದು ಹಳ್ಳಿಹಳ್ಳಿಗಳಲ್ಲಿದ್ದಾರೆ. ರಾತ್ರಿ ರಕ್ತಪರೀಕ್ಷೆಗೆ ಬಂದವರೊಡನೆ ಊರಂಚಿನ ಓಣಿಗೂ ಹೋಗಿ, ಮುಚ್ಚಿದ ಬಾಗಿಲನ್ನು ತೆರೆಯಿಸುವುದು ಅವರಿಂದ ಸಾಧ್ಯ. ತೆರೆದ ಆ ಒಂದು ಬಾಗಿಲಿಗೆ ಎಂಟುನೂರು ಜನರ ತೂಕವಿರಬಹುದು.