ಅಳಿಸಿಹೋದ ಚಿತ್ರವನ್ನು ಮತ್ತೆ ತೋರಿಸುವುದು ಹೇಗೆ?

ಪ್ರಶ್ನೆ: ಒಬ್ಬರೇ ಕಲಾವಿದರ ಹಲವು ದಶಕಗಳ ಕೆಲಸವನ್ನು ಒಟ್ಟಿಗೆ ತೋರಿಸುವ ಪ್ರದರ್ಶನಗಳ ಸುದ್ದಿ ಓದುತ್ತಿರುತ್ತೇನೆ. ಚಿತ್ರಪಟಗಳಾದರೆ ಗೋಡೆಗೆ ತೂಗುಹಾಕಬಹುದು. ವಿಡಿಯೊ, ನೆರಳಾಟ, ಗೋಡೆಯ ಮೇಲೆಯೇ ಬರೆದು ಅಳಿಸಿದ ಚಿತ್ರ, ಇವನ್ನೆಲ್ಲ ಹೇಗೆ ತೋರಿಸುತ್ತಾರೆ?

ಉತ್ತರ: ಇದಕ್ಕೆ ಕಲಾವಿದೆ ನಳಿನಿ ಮಲಾನಿ ಅವರಿಗಿಂತ ಒಳ್ಳೆಯ ಉದಾಹರಣೆ ನಮ್ಮ ದೇಶದಲ್ಲಿ ಸಿಗುವುದು ಕಷ್ಟ. ಅವರು 1946ರಲ್ಲಿ ಕರಾಚಿಯಲ್ಲಿ ಹುಟ್ಟಿದರು. ವಿಭಜನೆಯಿಂದಾಗಿ ಕುಟುಂಬ ಭಾರತಕ್ಕೆ ಬಂತು. ಕಲಿತದ್ದು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ. ಅವರ ಸಮಗ್ರ ಪ್ರದರ್ಶನ 2014ರಲ್ಲಿ ದೆಹಲಿಯ ಕಿರಣ್ ನಾಡಾರ್ ಮ್ಯೂಸಿಯಂನಲ್ಲಿ ನಡೆಯಿತು. 2017ರಲ್ಲಿ ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದಲ್ಲೂ, ಮರುವರ್ಷ ಇಟಲಿಯ ರಿವೋಲಿಯಲ್ಲೂ ನಡೆಯಿತು.

ಮೊದಲು ಅಳಿಸಿದ ಚಿತ್ರದ ವಿಷಯ. 1992ರಲ್ಲಿ ಮಲಾನಿ ಮುಂಬಯಿಯ ಕೆಮೋಲ್ಡ್ ಗ್ಯಾಲರಿಯ ಗೋಡೆಗಳ ಮೇಲೆಯೇ ‘ಸಿಟಿ ಆಫ್ ಡಿಸೈರ್ಸ್’ ಬಿಡಿಸಿದರು. ಪ್ರದರ್ಶನ ಮುಗಿದ ಮೇಲೆ ಅದಕ್ಕೆ ಸುಣ್ಣ ಬಳಿಯಲಾಯಿತು. ರಾಜಸ್ಥಾನದ ನಾಥದ್ವಾರದ ಹಳೆಯ ಭಿತ್ತಿಚಿತ್ರಗಳು ಯಾರ ಲಕ್ಷ್ಯವೂ ಇಲ್ಲದೆ ಹಾಳಾಗುತ್ತಿದ್ದುದು ಅವರನ್ನು ಕಾಡಿತ್ತು. ಹಾಗಾಗಿ ಇಲ್ಲಿ ಅಳಿಸುವುದೂ ಕೃತಿಯ ಒಂದು ಭಾಗ. ಇಂಥ ಕೃತಿಯನ್ನು ಹೊಸ ಊರಿನಲ್ಲಿ ತೋರಿಸಬೇಕಾದರೆ ಅಲ್ಲಿಯ ಗೋಡೆಗೆ ಹೊಸದಾಗಿ ಬರೆಯಬೇಕು, ಕೊನೆಗೆ ಅಳಿಸಬೇಕು. ಚೌಕಟ್ಟು ಹಾಕಿ ಕಾಪಾಡಿದರೆ ಅದು ಬೇರೆಯೇ ಕೃತಿಯಾದೀತು.

ವಿಡಿಯೊ ಕೃತಿಗಳ ಕಷ್ಟ ಬೇರೆ. ಪೋಖ್ರಾನ್ ಅಣುಪರೀಕ್ಷೆ ನಡೆದ 1998ರಲ್ಲಿ, ಉರ್ದು ಕಥೆಗಾರ ಮಂಟೋ ಅವರ ‘ಟೋಬಾ ಟೇಕ್ ಸಿಂಗ್’ ಕಥೆಯ ನೆನಪಿನಲ್ಲಿ, ಅವರು ‘ರಿಮೆಂಬರಿಂಗ್ ಟೋಬಾ ಟೇಕ್ ಸಿಂಗ್’ ರಚಿಸಿದರು. ನೆಲದ ಮೇಲೆ ಹನ್ನೆರಡು ತಗಡಿನ ಟ್ರಂಕುಗಳು, ಒಳಗೆ ಉರಿಯುವ ಟಿವಿ ಪರದೆಗಳು. ಎದುರುಬದುರು ಗೋಡೆಗಳಲ್ಲಿ ಇಬ್ಬರು ಹೆಂಗಸರು ಒಂದು ಸೀರೆಯನ್ನು ಮಡಿಸಲು ಯತ್ನಿಸುತ್ತಾರೆ. ನಡುವೆ ಇಡೀ ಕೋಣೆಯ ಅಂತರ, ನೋಡುವ ನಾವು ಆ ಅಂತರದಲ್ಲಿ ನಿಂತಿರುತ್ತೇವೆ. ಕೋಣೆ ಕಿರಿದಾದರೆ ಆ ಇಬ್ಬರ ದೂರವೂ ಕಿರಿದಾಗುತ್ತದೆ. ಆದ್ದರಿಂದ ಕ್ಯೂರೇಟರ್‌ಗೆ ಟೇಪು ಕೈಸೇರಿದರೆ ಸಾಲದು. ಗೋಡೆ, ಕತ್ತಲೆ, ಸದ್ದು, ಟ್ರಂಕುಗಳ ಸಾಲು ಎಲ್ಲವನ್ನೂ ಮತ್ತೆ ಕಟ್ಟಬೇಕು. ನಾಟಕವನ್ನು ಹೊಸ ರಂಗಮಂದಿರಕ್ಕೆ ಒಯ್ದಂತೆಯೇ ಇದು.

ನೆರಳಾಟದ ಕೃತಿಗಳಲ್ಲಿ ತಿರುಗುವ ಪಾರದರ್ಶಕ ಸಿಲಿಂಡರ್‌ಗಳ ಒಳಮೈಗೆ ಚಿತ್ರ ಬರೆದಿರುತ್ತಾರೆ. ವಿಡಿಯೊ ಬೆಳಕು ಅವುಗಳನ್ನು ಹಾಯ್ದು ಗೋಡೆಗೆ ಬೀಳುತ್ತದೆ. ನಮ್ಮ ತೊಗಲುಗೊಂಬೆಯಾಟದಲ್ಲಿ ಪರದೆಯ ಆಚೆ ಗೊಂಬೆ, ಈಚೆ ನಾವು. ಇಲ್ಲಿ ಪರದೆಯೇ ಇಲ್ಲ, ನಾವೂ ನೆರಳುಗಳ ನಡುವೆಯೇ ಓಡಾಡುತ್ತೇವೆ. ಈ ಬಗೆಯ ‘ಇನ್ ಸರ್ಚ್ ಆಫ್ ವ್ಯಾನಿಶ್ಡ್ ಬ್ಲಡ್’ 2012ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಪ್ರದರ್ಶನಗೊಂಡಿತು.

ಹಾಗಾದರೆ ಇಷ್ಟೆಲ್ಲವನ್ನು ಒಂದೆಡೆ ತರುವುದರ ಲಾಭವೇನು? 1969ರಲ್ಲಿ ಮಲಾನಿ ಆಧುನಿಕ ನಗರದ ಕನಸನ್ನು ಬಣ್ಣದ ಕಿರುಚಿತ್ರವಾಗಿಸಿದ್ದರು. 1976ರಲ್ಲಿ ಆ ಕನಸು ಮುರಿದದ್ದನ್ನು ಕಪ್ಪುಬಿಳುಪಿನಲ್ಲಿ ತೋರಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ‘ಯುಟೋಪಿಯಾ’ ಎಂದರು. ಒಂದೊಂದನ್ನೇ ನೋಡಿದರೆ ಆ ಏಳು ವರ್ಷಗಳ ನೋವು ತಿಳಿಯುವುದಿಲ್ಲ. ಒಳ್ಳೆಯ ಸಮಗ್ರ ಪ್ರದರ್ಶನವೂ ಹೀಗೆಯೇ ಬೇರೆಬೇರೆ ಕಾಲದ ಕೃತಿಗಳನ್ನು ಅಕ್ಕಪಕ್ಕ ಇಡುತ್ತದೆ. ಆದ್ದರಿಂದಲೇ ಪಾಂಪಿಡೂ ಕೇಂದ್ರದಲ್ಲಿ ಇಸವಿಯ ಕ್ರಮ ಬಿಟ್ಟು ವಿಷಯಗಳ ಸುತ್ತ ಕೃತಿಗಳನ್ನು ಜೋಡಿಸಿದ್ದು ನನ್ನ ದೃಷ್ಟಿಯಲ್ಲಿ ಸರಿಯಾದ ನಿರ್ಧಾರ.

ಇಂಥ ಪ್ರದರ್ಶನ ನಿಮ್ಮ ಊರಿನ ಹತ್ತಿರ ಬಂದರೆ ಎಲ್ಲವನ್ನೂ ನೋಡಿ ಮುಗಿಸುವ ಆತುರ ಬೇಡ. ಮೊದಲು ಒಂದು ಸುತ್ತು ಹಾಕಿ, ಆಮೇಲೆ ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದು ವಿಡಿಯೊದ ಮುಂದೆ ಕೂತು, ಅದು ಮುಗಿದು ಮತ್ತೆ ಶುರುವಾಗುವವರೆಗೂ ನೋಡಿ.